30 ಸಾವಿರದೊಳಗೆ ಒಂದು ಡಿಜೆ ಲ್ಯಾಪ್‌ಟಾಪ್

ಎರಡು ವರ್ಷದ ಹಿಂದಿನ ಮಾತು. ವಿಜಯನಗರದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ ನನ್ನ ಡಿಜೆ. ಕೈಯಲ್ಲಿದ್ದದ್ದು ಹೊಸ ಗೇಮಿಂಗ್ ಲ್ಯಾಪ್‌ಟಾಪ್. ಕೀಬೋರ್ಡ್ ಕೆಳಗೆ ಏಳು ಬಣ್ಣದ ದೀಪ, ಬೆಲೆ 80 ಸಾವಿರ, ಇಎಂಐ ಇನ್ನೂ ನಡೆಯುತ್ತಿತ್ತು. ಮೂರನೇ ಹಾಡಿಗೆ ಸ್ಪೀಕರ್‌ನಲ್ಲಿ 'ಟಪ್' ಅಂತ ಒಂದು ಸದ್ದು. ಅರ್ಧ ನಿಮಿಷಕ್ಕೆ ಇನ್ನೊಂದು. ಐದನೇ ಹಾಡಿನ ಹೊತ್ತಿಗೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಎಲ್ಲೋ ವೈರ್ ಸುಡ್ತಾ ಇದೆ ಕಣಪ್ಪಾ, ಮೊದ್ಲು ಆಫ್ ಮಾಡು" ಅಂದರು.

ಕೊನೆಗೆ ಸೌಂಡ್ ಸಿಸ್ಟಮ್ ತಂದಿದ್ದ ಹುಡುಗ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟ. ಯಾವುದೋ ಆಫೀಸಿನಿಂದ ಹೊರಬಂದ ಮಾಲು. ಮೂಲೆ ಒಡೆದಿತ್ತು, 'ಇ' ಕೀ ಮೇಲಿನ ಅಕ್ಷರ ಸವೆದು ಹೋಗಿತ್ತು. ಆ ಡಬ್ಬ ರಾತ್ರಿ 10ರ ತನಕ ಒಂದು ಸಲವೂ ತಪ್ಪಲಿಲ್ಲ. 10ಕ್ಕೆ ನಾವೇ ನಿಲ್ಲಿಸಿದೆವು. ಆಮೇಲೆ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದು ಕಾನೂನು.

80 ಸಾವಿರದ್ದು ಸೋತು ಡಬ್ಬ ಗೆದ್ದಿದ್ದು ಹೇಗೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕಡೆಗೆ ಕಳ್ಳ ಸಿಕ್ಕ: ವೈಫೈ ಡ್ರೈವರ್, ಅಂದರೆ ವೈಫೈ ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್. ಈಚೆಗೆ ಚಿಕ್ಕಮ್ಮನ ಮಗ ಫೋನ್ ಮಾಡಿ "ಅಣ್ಣ, ಕಂಟ್ರೋಲರ್ ತಗೊಂಡೆ, ಲ್ಯಾಪ್‌ಟಾಪ್‌ಗೆ ಅಂತ 30 ಸಾವಿರ ಇಟ್ಟಿದ್ದೀನಿ, ಯಾವುದು ತಗೊಳ್ಳಲಿ?" ಅಂತ ಕೇಳಿದ. ಕಂಟ್ರೋಲರ್ ಅಂದರೆ ಹಾಡುಗಳನ್ನು ಕೈಯಿಂದ ಆಡಿಸಲು ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ, ಗುಂಡಿ, ಚಕ್ರಗಳಿರುವ ಪೆಟ್ಟಿಗೆ. ಮಾಡೆಲ್ ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದರೆ ಆ 'ಟಪ್' ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದೆ ಯಾವ ಮಾಡೆಲ್ ಕೊಂಡರೂ ಅದು ಲಾಟರಿಯೇ.

ಡಿಜಿಟಲ್ ಹಾಡು ಅಂದರೆ ಸಂಖ್ಯೆಗಳ ಸಾಲು. ಒಂದು ಸೆಕೆಂಡಿಗೆ ಎಡ ಸ್ಪೀಕರ್‌ಗೆ 44,100 ಸಂಖ್ಯೆ, ಬಲಕ್ಕೂ ಅಷ್ಟೇ. ಸಿಡಿ ಕಾಲದಿಂದ ಬಂದ ಲೆಕ್ಕ ಇದು. ಲ್ಯಾಪ್‌ಟಾಪ್ ಇವನ್ನು ಒಂದೊಂದಾಗಿ ಕಳಿಸುವುದಿಲ್ಲ, ಕಂತು ಕಟ್ಟಿ ಕಳಿಸುತ್ತದೆ. ಆ ಕಂತಿಗೆ ಬಫರ್ ಅಂತ ಹೆಸರು. ಬಫರ್ 256 ಅಂತ, ಅಂದರೆ ಒಂದು ಕಂತಿಗೆ ಪ್ರತಿ ಬದಿಗೆ 256 ಸಂಖ್ಯೆ ಅಂತ ಇಟ್ಟರೆ ಒಂದು ಕಂತು 5.8 ಮಿಲಿಸೆಕೆಂಡ್‌ಗೆ ಖಾಲಿ. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಿರಬೇಕು. ಸೆಕೆಂಡಿಗೆ 172 ಸಲ ಹೀಗೆ. ಮೂರು ಗಂಟೆಯ ರಿಸೆಪ್ಷನ್‌ಗೆ ಲೆಕ್ಕ ಹಾಕಿದರೆ 18 ಲಕ್ಷಕ್ಕೂ ಜಾಸ್ತಿ ಸಲ. ಅದರಲ್ಲಿ ಒಂದೇ ಒಂದು ಸಲ ತಡವಾದರೂ ಸ್ಪೀಕರ್‌ಗೆ ಕೊಡಲು ಏನೂ ಇರುವುದಿಲ್ಲ. ಆ ಖಾಲಿ ಜಾಗವೇ 'ಟಪ್'.

ದರ್ಶಿನಿಯ ಕಾಫಿ ಕೌಂಟರ್ ನೆನಪಿಸಿಕೊಳ್ಳಿ. ಬೆಳಿಗ್ಗೆ ಎಂಟರ ರಶ್‌ನಲ್ಲಿ ಕಾಫಿಯವರು ಒಂದೊಂದು ಟೋಕನ್‌ಗೆ ಒಂದೊಂದು ಲೋಟ ಅಂತ ಬೆರೆಸುತ್ತಾ ನಿಲ್ಲುವುದಿಲ್ಲ. ಆರೇಳು ಲೋಟ ಸಾಲಾಗಿ ಜೋಡಿಸಿ, ಡಿಕಾಕ್ಷನ್ ಸುರಿದು, ಹಾಲು ಹೊಯ್ದು ಇಟ್ಟಿರುತ್ತಾರೆ. ಹಾಲು ಉಕ್ಕಿತು ಅಂತ ಅವರು ಒಂದು ಗಳಿಗೆ ಒಲೆ ಕಡೆ ತಿರುಗಿದರೂ ಆ ಸಾಲು ಗಿರಾಕಿಗಳನ್ನು ಸಂಭಾಳಿಸುತ್ತದೆ. ಬಫರ್ ಅಂದರೆ ಆ ಲೋಟಗಳ ಸಾಲು. ಹಾಗಾದರೆ ಇಪ್ಪತ್ತು ಲೋಟ ಇಟ್ಟುಬಿಟ್ಟರೆ ಆಯ್ತಲ್ವಾ? ಆಗಲ್ಲ. ನೀವು "ಸಕ್ಕರೆ ಕಮ್ಮಿ" ಅಂದರೆ, ಆಗಲೇ ಬೆರೆಸಿಟ್ಟ ಇಪ್ಪತ್ತು ಲೋಟ ಹೋದ ಮೇಲೆಯೇ ನಿಮ್ಮ ಕಾಫಿ ಬರುವುದು. ಕಂಟ್ರೋಲರ್‌ನಲ್ಲಿ ಒಂದು ಗುಂಡಿ ತಿರುಗಿಸುವುದೂ "ಸಕ್ಕರೆ ಕಮ್ಮಿ" ಅಂದ ಹಾಗೆಯೇ. ಬಫರ್ 1024 ಆದರೆ ನಿಮ್ಮ ಕೈ ಆಡಿದ ಮೇಲೆ ಸದ್ದು ಬದಲಾಗಲು ಕಡಿಮೆ ಅಂದರೂ 23 ಮಿಲಿಸೆಕೆಂಡ್ ಬೇಕು. ಒಂದು ಹಾಡಿನಿಂದ ಇನ್ನೊಂದಕ್ಕೆ ನಿಧಾನಕ್ಕೆ ದಾಟುವವರಿಗೆ ಇದು ನಡೆಯುತ್ತದೆ. ಚಕ್ರವನ್ನು ಹಿಂದೆ ಮುಂದೆ ಉಜ್ಜಿ ಸದ್ದು ತೆಗೆಯುವ, ಅಂದರೆ ಸ್ಕ್ರ್ಯಾಚ್ ಮಾಡುವವರಿಗೆ ಚಕ್ರಕ್ಕೆ ಬೆಲ್ಲದ ಪಾಕ ಮೆತ್ತಿದ ಹಾಗಿರುತ್ತದೆ.

ಇನ್ನು ಕಾಫಿಯವರನ್ನು ಪದೇ ಪದೇ ಒಲೆ ಕಡೆ ಎಳೆಯುವವರು ಯಾರು? ಡ್ರೈವರ್‌ಗಳು. ವೈಫೈ, ಬ್ಲೂಟೂತ್, ಗ್ರಾಫಿಕ್ಸ್ ಕಾರ್ಡ್, ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡುವ ಸಣ್ಣ ಪ್ರೋಗ್ರಾಮ್, ಇವಕ್ಕೆಲ್ಲ ವಿಂಡೋಸ್ ಒಂದು ಸವಲತ್ತು ಕೊಟ್ಟಿದೆ. 'ಅರ್ಜೆಂಟ್' ಅಂತ ಹೇಳಿ ಸರದಿ ಮುರಿದು ಪ್ರಾಸೆಸರ್ ಹತ್ತಿರ ನುಗ್ಗಬಹುದು. ಒಳ್ಳೆಯ ಡ್ರೈವರ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಕೆಲಸ ಮುಗಿಸಿ ಆಚೆ ಬರುತ್ತದೆ. ಕೆಟ್ಟದಾಗಿ ಬರೆದ ಡ್ರೈವರ್ ಹಲವು ಮಿಲಿಸೆಕೆಂಡ್ ಅಲ್ಲೇ ಕೂತುಬಿಡುತ್ತದೆ. ಇದಕ್ಕೆ ಡಿಪಿಸಿ ಲೇಟೆನ್ಸಿ ಅನ್ನುತ್ತಾರೆ. ನಮ್ಮ ಕಂತಿನ ಆಯುಸ್ಸು 5.8 ಮಿಲಿಸೆಕೆಂಡ್ ಅನ್ನುವುದು ನೆನಪಿರಲಿ.

ನನ್ನ ಗೇಮಿಂಗ್ ಲ್ಯಾಪ್‌ಟಾಪ್ ವೇಗದಲ್ಲಿ ಏನೂ ಕಮ್ಮಿ ಇರಲಿಲ್ಲ. ಬೆಂಚ್‌ಮಾರ್ಕ್ ಹಾಕಿದರೆ ಆ ಡಬ್ಬವನ್ನು ಎಲ್ಲೋ ಹಿಂದೆ ಬಿಡುತ್ತಿತ್ತು. ಆದರೆ ಬೆಂಚ್‌ಮಾರ್ಕ್ ಹೇಳುವುದು ಒಟ್ಟು ಕೆಲಸ ಎಷ್ಟು ಬೇಗ ಮುಗಿಯಿತು ಅನ್ನುವುದನ್ನು. ಡಿಜೆಗೆ ಬೇಕಾದ ಲೆಕ್ಕ ಬೇರೆ: ಮೂರು ಗಂಟೆಯಲ್ಲಿ ಇದರ ಅತಿ ಕೆಟ್ಟ ಗಳಿಗೆ ಎಷ್ಟು ಕೆಟ್ಟದು? ಆ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ನೀವೇ ಅಳೆಯಬೇಕು. ಅಳೆಯುವುದು ಸುಲಭ, ಮುಂದೆ ಹೇಳುತ್ತೇನೆ.

ಮೊದಲು ಪ್ರಾಸೆಸರ್. ಹಾಡು ನುಡಿಸುವುದು, ವೇಗ ಹೊಂದಿಸುವುದು, ಶ್ರುತಿ ಬದಲಾಗದ ಹಾಗೆ ಹಿಡಿದಿಡುವುದು ಇವತ್ತಿನ ಪ್ರಾಸೆಸರ್‌ಗಳಿಗೆ ದೊಡ್ಡ ಹೊರೆಯೇನಲ್ಲ. ಹಾಗಂತ ಸ್ಟಿಕ್ಕರ್ ನೋಡಿ ಮೋಸ ಹೋಗಬೇಡಿ. "ಸಾರ್ ಇದು ಐ7" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಯಾವ ಪೀಳಿಗೆಯ ಐ7 ಅಂತ ಕೇಳಿ. ಏಳನೇ ಪೀಳಿಗೆಯ ಐ7-7500ಯು ಒಳಗಿರುವುದು ಎರಡೇ ಕೋರ್, ಕೆಲಸ ಮಾಡುವ ಎರಡೇ ಕೈ ಅನ್ನಿ. ಅದರ ನಂತರ ಬಂದ ಐ5-8250ಯು ಒಳಗೆ ನಾಲ್ಕು. ಎಂಟನೇ ಪೀಳಿಗೆಯಲ್ಲಿ ಇಂಟೆಲ್ ತೆಳು ಲ್ಯಾಪ್‌ಟಾಪ್‌ಗಳಿಗೂ ನಾಲ್ಕು ಕೋರ್ ಕೊಟ್ಟಿತು. ಅದಕ್ಕೇ ನನ್ನ ಗೆರೆ ಎಂಟನೇ ಪೀಳಿಗೆ. ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಹೆಚ್ಚೂಕಮ್ಮಿ ಎಂಟನೇ ಪೀಳಿಗೆಯಿಂದ ಮೇಲಕ್ಕೆ. ಆರು, ಏಳನೇ ಪೀಳಿಗೆಯ ಲ್ಯಾಪ್‌ಟಾಪ್‌ಗಳನ್ನು ಅಗ್ಗಕ್ಕೆ ಕೊಡುತ್ತಾರೆ ಅಂದರೆ ಅದರ ಹಿಂದೆ ಈ ಕಥೆಯೂ ಇದೆ. ಹನ್ನೊಂದನೇ ಪೀಳಿಗೆಯ ಐ5 ಅಥವಾ ರೈಜನ್ 5ರ 5000 ಸರಣಿ ಬಜೆಟ್‌ಗೆ ಸಿಕ್ಕರೆ ಇನ್ನೂ ಒಳ್ಳೆಯದು.

ರ‍್ಯಾಮ್ 16 ಜಿಬಿ ಇರಲಿ, 8 ಇದ್ದರೆ ಸೇರಿಸಲು ಜಾಗ ಇರಲಿ. ಎಸ್ಎಸ್‌ಡಿ ಇಲ್ಲದ ಲ್ಯಾಪ್‌ಟಾಪ್ ಮುಟ್ಟಲೇಬೇಡಿ. ಹಾರ್ಡ್ ಡಿಸ್ಕ್ ತಿರುಗುವ ಮಾಲು. ಪಕ್ಕದಲ್ಲಿ 18 ಇಂಚಿನ ಬೇಸ್ ಗುದ್ದುತ್ತಿರುವಾಗ ಅದಕ್ಕೂ ಹೊಟ್ಟೆಯಲ್ಲಿ ನಡುಕ. ಜಾಗ ಎಷ್ಟು ಬೇಕು ಅಂತ ಜಾಸ್ತಿ ಯೋಚಿಸಬೇಡಿ. 320 ಕೆಬಿಪಿಎಸ್‌ನ ನಾಲ್ಕು ನಿಮಿಷದ ಎಂಪಿ3 ಹಾಡು 10 ಎಂಬಿಗಿಂತ ಸ್ವಲ್ಪ ಕಮ್ಮಿ. ಹತ್ತು ಸಾವಿರ ಹಾಡು ಅಂದರೂ 100 ಜಿಬಿ ದಾಟುವುದಿಲ್ಲ. ಹತ್ತು ಸಾವಿರ ಹಾಡು ಇಟ್ಟುಕೊಂಡವರು ಕೊನೆಗೆ ಹಾಕುವುದು ಅದೇ ನಲವತ್ತು ಹಾಡು ಅನ್ನುವುದು ಬೇರೆ ವಿಷಯ.

ಇಲ್ಲಿ ಒಂದು ತೊಡಕು: ಸ್ಟೆಮ್ಸ್. ಹಾಡು ಓಡುತ್ತಿರುವಾಗಲೇ ಗಾಯಕರ ದನಿ, ತಾಳ, ಬೇಸ್ ಎಲ್ಲವನ್ನೂ ಬಿಡಿಸಿ ಕೊಡುವ ವಿದ್ಯೆ. ವರ್ಚುವಲ್ ಡಿಜೆ, ಸೆರಾಟೊ, ರೆಕಾರ್ಡ್‌ಬಾಕ್ಸ್ ಅನ್ನುವ ಡಿಜೆ ಸಾಫ್ಟ್‌ವೇರ್ ಮೂರರಲ್ಲೂ ಬಂದಿದೆ. ಹಳೇ ಹಾಡಿನ ದನಿ ಮಾತ್ರ ಎತ್ತಿ ಹೊಸ ಬೀಟ್ ಮೇಲೆ ಕೂರಿಸಿದರೆ ಜನ ಕುಣಿದೇ ಕುಣಿಯುತ್ತಾರೆ. ಆದರೆ ಇದು ನಿಜವಾದ ಹೊರೆ. ಎಂಟನೇ ಪೀಳಿಗೆಯ ಐ5 ಇದರಲ್ಲಿ ಏದುಸಿರು ಬಿಡುತ್ತದೆ, ಫ್ಯಾನ್ ಕೂಗುತ್ತದೆ. ಸ್ಟೆಮ್ಸ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಬಜೆಟ್ ಏರಿಸಲೇಬೇಕು. ಮನೆಯಲ್ಲೇ ಮೊದಲೇ ದನಿ ಬಿಡಿಸಿ, ಬೇರೆ ಫೈಲ್ ಮಾಡಿಟ್ಟುಕೊಂಡು ಹೋಗುವುದು ನನ್ನ ದಾರಿ. ಸ್ವಲ್ಪ ಹಳೇ ಕಾಲದ್ದು, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

30 ಸಾವಿರಕ್ಕೆ ಹೊಸದೇ ಬೇಕು ಅಂತ ಹಟ ಹಿಡಿದರೆ ಸಿಗುವುದು ಹೆಚ್ಚಾಗಿ ಕೆಳದರ್ಜೆಯ ಸಣ್ಣ ಪ್ರಾಸೆಸರ್, ಮದರ್‌ಬೋರ್ಡ್‌ಗೆ ಅಂಟಿಸಿದ ರ‍್ಯಾಮ್, ಕೆಲವದರಲ್ಲಿ ಎಸ್ಎಸ್‌ಡಿ ಬದಲು ಇಎಂಎಂಸಿ ಅನ್ನುವ ನಿಧಾನದ ಸ್ಟೋರೇಜ್. ಕ್ರೋಮ್‌ಬುಕ್‌ನಲ್ಲಂತೂ ಈ ಸಾಫ್ಟ್‌ವೇರ್ ಹತ್ತುವುದೇ ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ನೋಡಿ ಮನಸ್ಸಾದರೆ, ನಿಮ್ಮ ಕಂಟ್ರೋಲರ್‌ಗೆ ಅದರಲ್ಲಿ ಡ್ರೈವರ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಹಾಗಾಗಿ ನನ್ನ ಓಟು ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರುವ ಆಫೀಸ್ ಲ್ಯಾಪ್‌ಟಾಪ್‌ಗೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್. ಬೆಂಗಳೂರಿನಲ್ಲಿ ಇವುಗಳಿಗೆ ಬರವಿಲ್ಲ. ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಲಾಟ್ ಲೆಕ್ಕದಲ್ಲಿ ಹೊರಗೆ ಹಾಕುತ್ತವೆ. ಇವು ಗಟ್ಟಿ, ಯುಎಸ್‌ಬಿ ಜಾಸ್ತಿ, ಬಿಚ್ಚಿ ರಿಪೇರಿ ಮಾಡಬಹುದು. ಅದರಲ್ಲೂ 2018ರ ಥಿಂಕ್‌ಪ್ಯಾಡ್ ಟಿ480 ಮೇಲೆ ನನಗೆ ಸ್ವಲ್ಪ ಪ್ರೀತಿ ಹೆಚ್ಚು. ಅದರಲ್ಲಿ ಬ್ಯಾಟರಿ ಎರಡು, ಒಂದು ಒಳಗೆ, ಒಂದು ಹಿಂದೆ. ಹಾಡು ಓಡುತ್ತಿರುವಾಗಲೇ ಹಿಂದಿನದನ್ನು ಕಿತ್ತು ಚಾರ್ಜ್ ಆದ ಇನ್ನೊಂದನ್ನು ಸಿಕ್ಕಿಸಬಹುದು. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ತನಕ ಕೈಕಾಲು ನಡುಗುವುದಿಲ್ಲ. ಟಿ480ಎಸ್ ಅಂತ ಇನ್ನೊಂದಿದೆ, ತೆಳು. ಅದರಲ್ಲಿ ಈ ಸೌಕರ್ಯ ಇಲ್ಲ. ಹೆಸರಿನ ಕೊನೆಯ ಒಂದು ಅಕ್ಷರ ನೋಡಿಕೊಂಡು ಕೊಳ್ಳಿ.

ತಮ್ಮನನ್ನು ಕರೆದುಕೊಂಡು ಒಂದು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಾದ ಎಸ್‌ಪಿ ರಸ್ತೆಗೆ ಹೋದೆ. ಟೌನ್ ಹಾಲ್ ಹತ್ತಿರ ಗಾಡಿ ನಿಲ್ಲಿಸಿ ನಡೆದೆವು. ಆ ರಸ್ತೆಗೆ ಗಾಡಿ ತೆಗೆದುಕೊಂಡು ಹೋಗುವುದು ಸುಮ್ನೆ ಕಷ್ಟ. ಮೊದಲನೇ ಮಹಡಿಯ ಅಂಗಡಿ, ಗೋಡೆಯುದ್ದಕ್ಕೂ ಇಟ್ಟಿಗೆ ಪೇರಿಸಿದ ಹಾಗೆ ಲ್ಯಾಪ್‌ಟಾಪ್. ಜೇಬಿನಲ್ಲಿ ಪೆನ್‌ಡ್ರೈವ್, ಅದರೊಳಗೆ ಲೇಟೆನ್ಸಿಮಾನ್ ಅನ್ನುವ ಸಣ್ಣ ಸಾಫ್ಟ್‌ವೇರ್. ಮನೆ ಬಳಕೆಗೆ ಪುಕ್ಕಟೆ ಸಿಗುತ್ತದೆ. ಯಾವ ಡ್ರೈವರ್ ಎಷ್ಟು ಹೊತ್ತು ಸರದಿ ಮುರಿದು ಕೂತಿತ್ತು ಅಂತ ಹೆಸರು ಸಮೇತ ತೋರಿಸುತ್ತದೆ.

ಮೊದಲ ಲ್ಯಾಪ್‌ಟಾಪ್ ಹೊರಗೆ ಫಳಫಳ. ವೈಫೈ ಹಾಕಿ, ವಿಡಿಯೊ ಒಂದನ್ನು ಓಡಿಸಿ, ಚಾರ್ಜರ್ ಕಿತ್ತು ಹದಿನೈದು ನಿಮಿಷ ಬಿಟ್ಟೆವು. ಏಳನೇ ನಿಮಿಷಕ್ಕೆ ಪಟ್ಟಿ ಕೆಂಪಾಯಿತು. 3,900 ಮೈಕ್ರೊಸೆಕೆಂಡ್. ಅಂದರೆ ಸುಮಾರು 4 ಮಿಲಿಸೆಕೆಂಡ್, ಒಂದು ಕಂತಿನ ಮೂರನೇ ಎರಡು ಭಾಗ ಒಂದೇ ಡ್ರೈವರ್ ಹೊಟ್ಟೆಗೆ. ಎರಡನೆಯದಕ್ಕೆ ಅದೇ ಪರೀಕ್ಷೆ. ಇಪ್ಪತ್ತು ನಿಮಿಷವಾದರೂ 300ರ ಗಡಿ ದಾಟಲಿಲ್ಲ, ಪಟ್ಟಿ ಹಸಿರಾಗಿಯೇ ಉಳಿಯಿತು. ಅಂಗಡಿಯವರು ಟೀ ತರಿಸಿದರು. "ಏನ್ ಸಾರ್, ಲ್ಯಾಪ್‌ಟಾಪ್‌ಗೆ ಎಸ್ಎಸ್ಎಲ್‌ಸಿ ಪರೀಕ್ಷೆ ಬರೆಸ್ತಾ ಇದ್ದೀರಾ?" ಅಂತ ನಕ್ಕರು. ಕೆಲವು ನೂರರ ಒಳಗಿದ್ದರೆ ನೆಮ್ಮದಿ, ಸಾವಿರಗಳಲ್ಲಿ ಓಡಾಡಿದರೆ ಬೇಡ, ಇಷ್ಟು ನೆನಪಿಟ್ಟರೆ ಸಾಕು. ಚಾರ್ಜರ್ ಹಾಕಿ ಒಮ್ಮೆ, ಕಿತ್ತು ಒಮ್ಮೆ, ಎರಡೂ ನೋಡಿ. ಬ್ಯಾಟರಿಯಲ್ಲಿ ಓಡುವಾಗ ವೇಗ ಇಳಿಸಿಕೊಳ್ಳುವ ಲ್ಯಾಪ್‌ಟಾಪ್ ಬೇಕಾದಷ್ಟಿವೆ.

ಹಸಿರು ಬಂತು ಅಂತ ತಕ್ಷಣ ದುಡ್ಡು ಕೊಡಲಿಲ್ಲ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಹೊಸದರಲ್ಲಿ 24,000 ಮಿಲಿವ್ಯಾಟ್ ಅವರ್ ಹಿಡಿಯುತ್ತಿದ್ದ ಹಿಂಬದಿಯ ಬ್ಯಾಟರಿ ಈಗ ಹಿಡಿಯುವುದು 9,000. "ಬೇರೆ ಹಾಕಿಕೊಡಿ" ಅಂದೆ, ಒಪ್ಪಿದರು. ಆಮೇಲೆ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್‌ಗೆ, ಪಾಸ್‌ವರ್ಡ್ ಕೇಳುತ್ತದಾ ನೋಡಿದೆ. ಕಂಪನಿಯಿಂದ ಬಂದ ಕೆಲವು ಲ್ಯಾಪ್‌ಟಾಪ್‌ಗಳಿಗೆ ಹಳೇ ಬೀಗ ಹಾಗೇ ಉಳಿದಿರುತ್ತದೆ. ವಿಂಡೋಸ್ ಹೊಸದಾಗಿ ಹಾಕಿ ನೆಟ್ ಕೊಟ್ಟ ಕೂಡಲೇ ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳಿದರೆ ವಾಪಸ್ ಕೊಟ್ಟು ಬಿಡಿ. ಎಲ್ಲಕ್ಕಿಂತ ಮುಖ್ಯ, ಪೆನ್‌ಡ್ರೈವ್ ಸಿಕ್ಕಿಸಿ ಪ್ರತಿ ಯುಎಸ್‌ಬಿ ಕಿಂಡಿಯನ್ನೂ ಅಲುಗಾಡಿಸಿ ನೋಡಿ. ಕಿಂಡಿ ಸಡಿಲ ಇದ್ದರೆ ಮದುವೆ ಮನೆಯಲ್ಲಿ ಯಾರದೋ ಸೆರಗು ತಾಗಿದರೂ ಕಂಟ್ರೋಲರ್ ಕಟ್. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್, ಆರು ತಿಂಗಳ ವಾರಂಟಿ, 16 ಜಿಬಿ ರ‍್ಯಾಮ್ ಎಲ್ಲ ಸೇರಿ ನಮಗೆ 26 ಸಾವಿರಕ್ಕೆ ಮುಗಿಯಿತು. ಉಳಿದ ನಾಲ್ಕರಲ್ಲಿ ಒಳ್ಳೆಯ ಕೇಬಲ್, ಹೆಡ್‌ಫೋನ್, ಆಮೇಲೆ ಒಂದು ಮಸಾಲೆ ದೋಸೆ.

ಮ್ಯಾಕ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. 2020ರ ನವೆಂಬರ್‌ನಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಬಜೆಟ್ ಹಿಗ್ಗಿಸಲು ಆದರೆ, ಕಣ್ಣು ಮುಚ್ಚಿ ಅಲ್ಲದಿದ್ದರೂ ಅರ್ಧ ಮುಚ್ಚಿ ಕೊಳ್ಳಬಹುದು. ಆಡಿಯೊ ವಿಷಯದಲ್ಲಿ ಮ್ಯಾಕ್‌ಗೆ ಮೊದಲಿನಿಂದಲೂ ತಲೆನೋವು ಕಮ್ಮಿ. ಸ್ಟೆಮ್ಸ್ ಕೂಡ ಎತ್ತಿಕೊಂಡು ಹೋಗುತ್ತದೆ. ಆದರೆ ರ‍್ಯಾಮ್ ಆಮೇಲೆ ಸೇರಿಸಲು ಬರುವುದಿಲ್ಲ. ಯುಎಸ್‌ಬಿ-ಸಿ ಕಿಂಡಿ ಎರಡೇ, ಒಂದು ಚಾರ್ಜರ್‌ಗೆ ಹೋಗುತ್ತದೆ. ಫ್ಯಾನ್ ಇಲ್ಲದ ಕಾರಣ ಏಪ್ರಿಲ್ ಬಿಸಿಲಿನಲ್ಲಿ ಟೆರೇಸ್ ಮೇಲೆ ಇಟ್ಟರೆ ಕಾದು ನಿಧಾನವಾಗುತ್ತದೆ. ಪ್ರತಿ ವರ್ಷ ಹೊಸ ಆವೃತ್ತಿ ಬಂದ ದಿನವೇ ಅಪ್‌ಡೇಟ್ ಒತ್ತುವ ಚಪಲ ಇರುವವರು ಇದರಿಂದ ದೂರ ಇರಿ. ಡಿಜೆ ಸಾಫ್ಟ್‌ವೇರ್‌ನವರು ಸರಿ ಅನ್ನುವ ತನಕ ಕಾಯಬೇಕು.

ಮನೆಗೆ ತಂದ ಮೇಲೆ ಒಂದು ಗಂಟೆಯ ಕೆಲಸ ಇದೆ. ಕಂಟ್ರೋಲರ್ ಕಂಪನಿ ಎಎಸ್‌ಐಒ ಡ್ರೈವರ್ ಕೊಟ್ಟಿದ್ದರೆ ಅದನ್ನೇ ಹಾಕಿ. ಅದು ವಿಂಡೋಸ್‌ನ ಮಾಮೂಲಿ ಸೌಂಡ್ ದಾರಿ ಬಿಟ್ಟು ನೇರ ಹೋಗುತ್ತದೆ. ಪವರ್ ಸೆಟ್ಟಿಂಗ್ 'ಹೈ ಪರ್ಫಾರ್ಮೆನ್ಸ್'ಗೆ ತನ್ನಿ. 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಅನ್ನುವುದನ್ನು ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಉಳಿಸುವ ನೆಪದಲ್ಲಿ ಕಿಂಡಿಯನ್ನೇ ಮಲಗಿಸಿಬಿಡುತ್ತದೆ. ಬಫರ್ 512ರಿಂದ ಶುರು ಮಾಡಿ. ಎರಡು ಗಂಟೆ ಸದ್ದಿಲ್ಲದೆ ಓಡಿದರೆ 256ಕ್ಕೆ ಇಳಿಸಿ. ಅಲ್ಲಿ ಚಟಪಟ ಶುರುವಾದರೆ ವಾಪಸ್ ಏರಿಸಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅಂತ ಕ್ರ್ಯಾಕ್ ಮಾಡಿದ್ದು ಹಾಕಬೇಡಿ. ಮಿಕ್ಸ್ (Mixxx) ಅನ್ನುವ ಡಿಜೆ ಸಾಫ್ಟ್‌ವೇರ್ ಪೂರ್ತಿ ಉಚಿತ, ಡಿಡಿಜೆ-ಎಫ್ಎಲ್ಎಕ್ಸ್4 ತರಹದ ಕಂಟ್ರೋಲರ್ ಕೊಂಡರೆ ರೆಕಾರ್ಡ್‌ಬಾಕ್ಸ್ ಅದರ ಜೊತೆಗೇ ತೆರೆದುಕೊಳ್ಳುತ್ತದೆ.

ಇನ್ನೊಂದು ಸದ್ದು ಇದೆ, 'ಟಪ್' ಅಲ್ಲ, 'ಗುಂಯ್' ಅನ್ನುವುದು. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಬರುತ್ತದೆ, ಕಿತ್ತರೆ ಮಾಯ. ಲ್ಯಾಪ್‌ಟಾಪ್‌ನದು ಏನೂ ತಪ್ಪಿಲ್ಲ. ಲ್ಯಾಪ್‌ಟಾಪ್ ಒಂದು ಪ್ಲಗ್‌ನಿಂದ, ಆಂಪ್ಲಿಫೈಯರ್ ಇನ್ನೊಂದು ಪ್ಲಗ್‌ನಿಂದ ಕರೆಂಟ್ ತೆಗೆದುಕೊಂಡಾಗ ಎರಡು ಅರ್ತಿಂಗ್ ದಾರಿಗಳು ಕೇಬಲ್ ಮೂಲಕ ಸೇರಿ ಒಂದು ಸುತ್ತು ಆಗುತ್ತದೆ. ಅದೇ ಗುಂಯ್‌ಗುಡುತ್ತದೆ. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಆಡಿಯೊ ಕೇಬಲ್ ನಡುವೆ ಆ ಸುತ್ತನ್ನು ಮುರಿಯುವ ಗ್ರೌಂಡ್ ಐಸೊಲೇಟರ್ ಅಥವಾ ಡಿಐ ಬಾಕ್ಸ್ ಹಾಕಿ. ಪ್ಲಗ್‌ನ ದಪ್ಪ ಪಿನ್ ಮುರಿದು 'ಸರಿ ಮಾಡುವ' ಶೂರರನ್ನು ಛತ್ರಗಳಲ್ಲಿ ನೋಡಿದ್ದೇನೆ. ಆ ಪಿನ್ ಇರುವುದು ನಿಮ್ಮ ಜೀವ ಉಳಿಸುವುದಕ್ಕೆ.

ಕಾರ್ಯಕ್ರಮದ ದಿನ ವೈಫೈ ಆಫ್, ಬ್ಲೂಟೂತ್ ಆಫ್, ಅಪ್‌ಡೇಟ್ ಒಂದು ವಾರ ಮುಂದಕ್ಕೆ. ಹಾಡೆಲ್ಲ ಲ್ಯಾಪ್‌ಟಾಪ್‌ನಲ್ಲೇ ಇರಲಿ, ಬೇಸ್‌ಮೆಂಟ್ ಹಾಲ್‌ನಲ್ಲಿ ನೆಟ್ ನಂಬಿ ಕೂರಬೇಡಿ. ಕಂಟ್ರೋಲರ್ ಕೇಬಲ್ ನೇರ ಲ್ಯಾಪ್‌ಟಾಪ್‌ಗೇ ಹೋಗಲಿ, ಅಗ್ಗದ ಹಬ್ ನಡುವೆ ಬೇಡ. ಕೇಬಲ್ ಇನ್ನೊಂದು ಜೊತೆಗಿರಲಿ. ತುಂಬಾ ಕಂಟ್ರೋಲರ್‌ಗಳಿಗೆ ಮಾಮೂಲಿ ಪ್ರಿಂಟರ್ ಕೇಬಲ್ಲೇ ಸಾಕು. ಕೊನೆಯದಾಗಿ, ಫೋನ್‌ನಲ್ಲಿ ಒಂದು ಗಂಟೆಯ ಮಿಕ್ಸ್ ಇಟ್ಟುಕೊಂಡು ಆಕ್ಸ್ ಕೇಬಲ್ ಮಿಕ್ಸರ್‌ಗೆ ಹಾಕಿಟ್ಟಿರಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುವ ಎರಡು ನಿಮಿಷ ಅದು ಕಾಪಾಡುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಅಮ್ಮನ ಕಾಲ್ ಬಂದು ನಿಮ್ಮ ರಿಂಗ್‌ಟೋನ್ ಇಡೀ ಛತ್ರಕ್ಕೆ ಕೇಳುತ್ತದೆ. ನನಗೆ ಆದಾಗ ಜನ ಅದಕ್ಕೂ ಚಪ್ಪಾಳೆ ತಟ್ಟಿದರು.